ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಎಣ್ಣೆ-ತುಪ್ಪ: ಎಷ್ಟು, ಯಾವುದು, ಯಾವಾಗ?

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ಈಗ ನಮ್ಮ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯೂ ಕಾಣಸಿಗುತ್ತಾರೆ. ಹುಬ್ಬಳ್ಳಿಗೋ ಬೆಳಗಾವಿಗೋ ಬೆಂಗಳೂರಿಗೋ ಹೋಗಿ, ಸಾಲ ಮಾಡಿಯೋ ಒಡವೆ ಅಡವಿಟ್ಟೋ ಮಾಡಿಸಿಕೊಂಡು ಬರುತ್ತಾರೆ. ಊರಿಗೆ ಮರಳುವಾಗ ಕೈಯಲ್ಲಿ ಒಂದು ಆಹಾರದ ಪಟ್ಟಿ ಇರುತ್ತದೆ. ಬಹಳ ಸಲ ಅದು ಇಂಗ್ಲಿಷಿನಲ್ಲಿರುತ್ತದೆ. 'ಒಳ್ಳೆಯ ಕೊಬ್ಬು' ಎಂಬ ಸಾಲಿನ ಮುಂದೆ ಅವಕಾಡೊ, ಆಲಿವ್ ಎಣ್ಣೆ, ಸಾಲ್ಮನ್ ಮೀನು ಎಂದು ಬರೆದಿರುತ್ತದೆ. ಸವಣೂರಿನ ಸಂತೆಯಲ್ಲಿ ಸಾಲ್ಮನ್ ಎಲ್ಲಿಂದ ತರಬೇಕು? ಹೀಗಾಗಿ ಪಟ್ಟಿ ಕಪಾಟಿನಲ್ಲಿ ಉಳಿಯುತ್ತದೆ, ಮನೆಯವರು ತಮಗೆ ತೋಚಿದಂತೆ ಉಣಿಸುತ್ತಾರೆ.

ತೋಚುವುದು ಎರಡೇ ದಾರಿ. ಒಂದು, ಕೊಬ್ಬು ಕರಗಿಸಲೆಂದೇ ಶಸ್ತ್ರಚಿಕಿತ್ಸೆ ಆಗಿದೆ, ಆದ್ದರಿಂದ ಎಣ್ಣೆಯ ಹನಿಯೂ ಬೇಡ ಎಂಬುದು. ಇನ್ನೊಂದು, ಪಾಪ ಎಷ್ಟು ಬಡಕಲಾಗಿದ್ದಾರೆ, ಶಕ್ತಿ ಬರಲಿ ಎಂದು ಬಾದಾಮಿ ಹಲ್ವಾ, ತುಪ್ಪ ತೇಲುವ ಪಾಯಾ, ಖೀರು ಕೊಡುವುದು. ಎರಡನೆಯದರ ಹಾನಿ ಎಲ್ಲರಿಗೂ ಗೊತ್ತು. ಮೊದಲನೆಯದರ ಹಾನಿ ಗೊತ್ತಿರುವವರು ಕಡಿಮೆ, ಅದಕ್ಕಾಗಿಯೇ ಈ ಲೇಖನದಲ್ಲಿ ಅದರ ಬಗ್ಗೆ ಹೆಚ್ಚು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ ಸುದ್ದಿ ನೆನಪಿರಬಹುದು. ಚರ್ಮದ ಕೆಳಗಿನ ಕೊಬ್ಬನ್ನು ನಳಿಕೆಯಿಂದ ಹೀರಿ ತೆಗೆಯುವುದು ಬೇರೆ. ಅದು ಅಂದಕ್ಕಾಗಿ ಮಾಡುವಂಥದ್ದು. ನಾವಿಲ್ಲಿ ಹೇಳುತ್ತಿರುವುದು ಜಠರವನ್ನು ಚಿಕ್ಕದು ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ. ಅತಿ ಬೊಜ್ಜಿನ ಜೊತೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವುದು ಇಂಥ ತೊಂದರೆ ಇದ್ದವರಿಗೆ ಇದು ಚಿಕಿತ್ಸೆ, ಅಲಂಕಾರವಲ್ಲ.

ಇದರಲ್ಲಿ ನಮ್ಮಲ್ಲಿ ಹೆಚ್ಚು ನಡೆಯುವುದು ಎರಡು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಒಂದು ಕೊಳವೆ ಉಳಿಸುತ್ತಾರೆ. ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ, ಅಂದರೆ ಎರಡು ದೊಡ್ಡ ಚಮಚ ಹಿಡಿಯುವ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಬೈಪಾಸನ್ನು ಮೊದಲು ಮಾಡಿದವರು ಅಮೆರಿಕದ ಅಯೋವಾದ ಎಡ್ವರ್ಡ್ ಮೇಸನ್, 1966ರಲ್ಲಿ. ನಿಮಗೆ ಆಗಿರುವುದು ಯಾವುದು ಎಂದು ಡಿಸ್ಚಾರ್ಜ್ ಕಾರ್ಡಿನಲ್ಲಿ ನೋಡಿ ತಿಳಿದುಕೊಳ್ಳಿ. ಕೊಬ್ಬಿನ ವಿಷಯದಲ್ಲಿ ಈ ವ್ಯತ್ಯಾಸ ದೊಡ್ಡದು.

ಏಕೆಂದರೆ ನಾವು ತಿಂದ ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಯಕೃತ್ತಿನಲ್ಲಿ ತಯಾರಾಗಿ ಪಿತ್ತಕೋಶದಲ್ಲಿ ಶೇಖರವಾದ ಪಿತ್ತರಸ ಬಂದು ಅದನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯಬೇಕು. ಆಮೇಲೆ ಮೇದೋಜೀರಕದ ರಸ ಅದನ್ನು ಜೀರ್ಣ ಮಾಡಬೇಕು. ತಟ್ಟೆಯ ಜಿಡ್ಡು ಬರಿ ನೀರಿಗೆ ಹೋಗುವುದಿಲ್ಲ, ಸಾಬೂನು ಬೇಕಲ್ಲವೇ, ಹಾಗೆ. ಸ್ಲೀವ್ ಆದವರಲ್ಲಿ ಈ ದಾರಿ ಮೊದಲಿನಂತೆಯೇ ಇರುತ್ತದೆ, ಪ್ರಮಾಣ ಮಾತ್ರ ಕಡಿಮೆ. ಬೈಪಾಸ್ ಆದವರಲ್ಲಿ ಊಟ ಒಂದು ಕರುಳಿನಲ್ಲಿ, ಪಿತ್ತರಸ ಇನ್ನೊಂದು ಕರುಳಿನಲ್ಲಿ ಇಳಿದು ಬಂದು, ಕೆಳಗೆ ಎಷ್ಟೋ ದೂರದಲ್ಲಿ ಸೇರುತ್ತವೆ. ಕೊಬ್ಬು ಜೀರ್ಣವಾಗಲು ಉಳಿಯುವ ಹಾದಿ ಗಿಡ್ಡ. ಒಂದೇ ಸಲ ಹೆಚ್ಚು ಜಿಡ್ಡು ತಿಂದರೆ ಅದು ಹಾಗೆಯೇ ಹೊರಬೀಳುತ್ತದೆ: ಮಲ ಮಾಸಲು ಬಣ್ಣದ್ದು, ನೀರಿನ ಮೇಲೆ ತೇಲುವಂಥದ್ದು, ವಿಪರೀತ ವಾಸನೆ, ಎಷ್ಟು ನೀರು ಹಾಕಿದರೂ ಸರಿಯಾಗಿ ಹೋಗದ ಅಂಟು.

ಹಾಗಾದರೆ ಪೂರ್ತಿ ಬಿಟ್ಟುಬಿಡುವುದೇ ಒಳ್ಳೆಯದಲ್ಲವೇ? ಅಲ್ಲ.

ಹಿರೇಕೆರೂರು ಕಡೆಯ ಒಬ್ಬ ಗೃಹಿಣಿಯ ವಿಷಯ ಹೇಳುತ್ತೇನೆ. ಸ್ಲೀವ್ ಆಗಿ ಐದನೆಯ ತಿಂಗಳು. ತೂಕ ಚೆನ್ನಾಗಿ ಇಳಿದಿತ್ತು. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಎದ್ದು ಬೆನ್ನಿಗೆ, ಭುಜಕ್ಕೆ ಹೋಗುತ್ತದೆ, ವಾಂತಿ ಬಂದಂತಾಗುತ್ತದೆ ಎಂದು ಬಂದರು. 'ಏನು ಉಣ್ಣುತ್ತೀರಿ ಆಪಾ?' ಎಂದರೆ, 'ಡಾಕ್ಟರ್ ಸಾಹೇಬ್ರ, ನಾಕು ತಿಂಗಳಾತ್ರಿ ಒಂದ್ ಹನಿ ಎಣ್ಣಿ ಮುಟ್ಟಿಲ್ಲ. ಬರೇ ಬ್ಯಾಳಿ ಕಟ್ಟು, ಕೆನಿ ತಗದ ಹಾಲು, ತತ್ತಿ ಬಿಳೇದು' ಎಂದು ಹೆಮ್ಮೆಯಿಂದ ಹೇಳಿದರು. ಆಸ್ಪತ್ರೆಯವರು ಬರೆದುಕೊಟ್ಟಿದ್ದ ಒಂದು ಗುಳಿಗೆಯನ್ನು ಗ್ಯಾಸಿನದೆಂದು ತಿಳಿದು ಒಂದು ತಿಂಗಳಿಗೇ ನಿಲ್ಲಿಸಿದ್ದರು. ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದ ತುಂಬ ಹರಳು. ಮೊದಲ ಶಸ್ತ್ರಚಿಕಿತ್ಸೆಗೆ ಅಡವಿಟ್ಟ ಬಂಗಾರ ಬಿಡಿಸುವ ಮೊದಲೇ ಎರಡನೆಯದು ಬಂತು.

ಇದು ಅಪರೂಪದ್ದಲ್ಲ. ಮೈ ತೂಕ ವೇಗವಾಗಿ ಇಳಿಯುವಾಗ ಕರಗಿದ ಕೊಬ್ಬಿನ ಕೊಲೆಸ್ಟರಾಲ್ ಪಿತ್ತರಸಕ್ಕೆ ಬಂದು ಸೇರುತ್ತದೆ, ರಸ ಮಂದವಾಗುತ್ತದೆ. ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗಬೇಕಾದರೆ ಊಟದಲ್ಲಿ ಕೊಬ್ಬು ಬಂದಿದೆ ಎಂಬ ಸೂಚನೆ ಕರುಳಿನಿಂದ ಸಿಗಬೇಕು. ಕೊಬ್ಬೇ ಬರದಿದ್ದರೆ ಮಂದವಾದ ರಸ ಅಲ್ಲೇ ನಿಂತು ಹರಳು ಕಟ್ಟುತ್ತದೆ. ತಡೆಯುವ ಔಷಧ ತೆಗೆದುಕೊಳ್ಳದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮೊದಲ ಆರು ತಿಂಗಳಲ್ಲಿ ಹರಳು ಕಾಣಿಸಿಕೊಳ್ಳಬಹುದು. ಅದನ್ನು ತಡೆಯಲೆಂದೇ ಅನೇಕ ಶಸ್ತ್ರಚಿಕಿತ್ಸಕರು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಗುಳಿಗೆಯನ್ನು ಆರು ತಿಂಗಳು ಬರೆಯುತ್ತಾರೆ. ಅದು ಗ್ಯಾಸಿನ ಗುಳಿಗೆಯಲ್ಲ, ದಯವಿಟ್ಟು ಅವಧಿಗೆ ಮೊದಲು ಬಿಡಬೇಡಿ. ಜೊತೆಗೆ, ಹೊಟ್ಟೆ ಒಗ್ಗಿಕೊಂಡ ಮೇಲೆ, ದಿನದ ಒಂದು ಊಟದಲ್ಲಾದರೂ ಸುಮಾರು 10 ಗ್ರಾಂ ಕೊಬ್ಬು ಇರಲಿ. ಒಂದು ಇಡೀ ತತ್ತಿ ಮತ್ತು ಒಂದು ಚಹಾ ಚಮಚ ಎಣ್ಣೆಯಲ್ಲಿ ಇಷ್ಟು ಸಿಗುತ್ತದೆ.

ಎರಡನೆಯ ಕಾರಣ ಜೀವಸತ್ವಗಳು. ಎ, ಡಿ, ಇ, ಕೆ ಈ ನಾಲ್ಕೂ ಕೊಬ್ಬಿನಲ್ಲಿಯೇ ಕರಗಿ ಮೈಗೆ ಸೇರಬೇಕು. ನುಗ್ಗೆಸೊಪ್ಪು, ಗಜ್ಜರಿ ಬರಿ ನೀರಿನಲ್ಲಿ ಬೇಯಿಸಿ ತಿಂದರೆ ಅದರ ಎ ಸತ್ವ ಬಹುಪಾಲು ವ್ಯರ್ಥ. ಅರ್ಧ ಚಮಚ ಎಣ್ಣೆಯ ಒಗ್ಗರಣೆ ಬಿದ್ದರೆ ದಕ್ಕುತ್ತದೆ. ಬೈಪಾಸ್ ಆದವರು ಸಂಜೆ ಬೆಳಕು ಇಳಿಯುತ್ತಲೇ ಕಣ್ಣು ಮಂಜು, ರಾತ್ರಿ ಗಾಡಿ ಓಡಿಸಲು ಆಗುವುದಿಲ್ಲ ಎಂದರೆ ಕನ್ನಡಕದ ಅಂಗಡಿಗೆ ಮೊದಲು ಎ ಸತ್ವದ ಪರೀಕ್ಷೆ ಮಾಡಿಸಬೇಕು. ಡಿ ಕಡಿಮೆಯಾದರೆ ಮೂಳೆ ನೋವು, ಕೆ ಕಡಿಮೆಯಾದರೆ ಸಣ್ಣ ಗಾಯದಿಂದಲೂ ರಕ್ತ ನಿಲ್ಲಲು ತಡ. ಆಸ್ಪತ್ರೆಯವರು ಕೊಡುವ ಡಿ ಸತ್ವದ ಗುಳಿಗೆಯನ್ನೂ ಖಾಲಿ ಹೊಟ್ಟೆಯಲ್ಲಿ ಅಲ್ಲ, ಸ್ವಲ್ಪ ಜಿಡ್ಡಿರುವ ಊಟದ ಜೊತೆ ತೆಗೆದುಕೊಳ್ಳಿ. ಮೂರನೆಯ ತಿಂಗಳಿನಿಂದ ತಲೆಗೂದಲು ಗೊಂಚಲು ಗೊಂಚಲಾಗಿ ಉದುರುವುದು ಬಹಳ ಹೆಂಗಸರನ್ನು ಹೆದರಿಸುತ್ತದೆ. ಅದು ಬಹುಮಟ್ಟಿಗೆ ತೂಕ ಬೇಗ ಇಳಿದದ್ದರಿಂದ, ಸಾರಜನಕ ಮತ್ತು ಕಬ್ಬಿಣ ಸಾಲದ್ದರಿಂದ. ತಲೆಗೆ ಎಷ್ಟು ಎಣ್ಣೆ ಹಚ್ಚಿದರೂ ಅದು ನಿಲ್ಲುವುದಿಲ್ಲ.

ಎಷ್ಟು ಬೇಕು?

ಮೊದಲ ಎರಡು ವಾರ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಬಳಿಕ ಮೆತ್ತನೆಯದು, ಎರಡು ತಿಂಗಳ ಹೊತ್ತಿಗೆ ಸಾಮಾನ್ಯ ಊಟ ಎಂಬುದು ಹೆಚ್ಚು ಕಡಿಮೆ ಎಲ್ಲ ಆಸ್ಪತ್ರೆಗಳ ಕ್ರಮ. ಮೊದಲ ತಿಂಗಳು ಹೊರಗಿನಿಂದ ಎಣ್ಣೆ-ತುಪ್ಪ ಸೇರಿಸುವ ಅಗತ್ಯ ಇಲ್ಲ. ಹಾಲು, ಮೊಸರಿನಲ್ಲಿರುವುದು ಸಾಕು, ಹೆಚ್ಚಾದರೆ ವಾಕರಿಕೆ. ಎರಡನೆಯ ತಿಂಗಳಿನಿಂದ ಬೇಳೆಗೆ, ಪಲ್ಯಕ್ಕೆ ಅರ್ಧ ಚಮಚದಿಂದ ಆರಂಭಿಸಿ.

ಆಮೇಲಿನ ಲೆಕ್ಕ ಹೀಗೆ. ದಿನಕ್ಕೆ 900 ಕ್ಯಾಲೊರಿ ಉಣ್ಣುವವರಿಗೆ ಅದರ ಶೇ. 30ರಷ್ಟು ಕೊಬ್ಬಿನಿಂದ ಬಂದರೆ 270 ಕ್ಯಾಲೊರಿ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಆದ್ದರಿಂದ 30 ಗ್ರಾಂ. ಇದರಲ್ಲಿ ಒಂದು ತತ್ತಿಯಿಂದ 5 ಗ್ರಾಂ, ಒಂದು ಲೋಟ ಟೋನ್ಡ್ ಹಾಲಿನಿಂದ 6 ಗ್ರಾಂ, ಚರ್ಮ ತೆಗೆದ ಕೋಳಿಯ ನಾಲ್ಕು ತುಂಡಿನಿಂದ 4 ಗ್ರಾಂ ಬಂದೇ ಬಿಡುತ್ತದೆ. ಉಳಿಯುವುದು 15 ಗ್ರಾಂ, ಅಂದರೆ ಮೂರು ಚಹಾ ಚಮಚ. ಇಡೀ ದಿನಕ್ಕೆ, ಒಗ್ಗರಣೆ, ಚಟ್ನಿ, ರೊಟ್ಟಿಗೆ ಸವರಿದ ತುಪ್ಪ ಎಲ್ಲ ಸೇರಿ ಮೂರು ಚಮಚ. ಬಾಟಲಿಯಿಂದ ನೇರ ಬಾಣಲೆಗೆ ಸುರಿಯುವ ಅಭ್ಯಾಸ ಬಿಟ್ಟು, ಚಮಚದಿಂದ ಅಳೆಯಿರಿ. ಸುರಿದರೆ ಕಣ್ಣಿಗೆ ಒಂದು ಚಮಚದಂತೆ ಕಾಣುವುದು ನಿಜಕ್ಕೂ ಮೂರು ಚಮಚ ಇರುತ್ತದೆ.

ಆದರೆ ತಟ್ಟೆಯಲ್ಲಿ ಮೊದಲ ತುತ್ತು ಸಾರಜನಕದ್ದೇ ಆಗಬೇಕು: ತತ್ತಿ, ಮೀನು, ಕೋಳಿ, ಬೇಳೆ, ಪನ್ನೀರು. ದಿನಕ್ಕೆ 60ರಿಂದ 80 ಗ್ರಾಂ ಸಾರಜನಕ ಬೇಕು, ಹೊಟ್ಟೆಯಲ್ಲಿ ಜಾಗ ಮಾತ್ರ ಒಂದು ಸಣ್ಣ ಬಟ್ಟಲಿನಷ್ಟು.

ಯಾವ ಎಣ್ಣೆ?

ಇಲ್ಲಿ ನಮ್ಮ ಜಿಲ್ಲೆಯವರು ಪುಣ್ಯವಂತರು. ಅವಕಾಡೊ ಇಲ್ಲದಿದ್ದರೆ ಏನಾಯಿತು, ಶೇಂಗಾ ಇದೆ. ಶೇಂಗಾ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಆಲಿವ್ ಎಣ್ಣೆಯಲ್ಲಿರುವ ಬಗೆಯದೇ ಕೊಬ್ಬು. ಗಾಣದ ಎಣ್ಣೆಯಾದರೂ ಸರಿ, ಶುದ್ಧೀಕರಿಸಿದ್ದಾದರೂ ಸರಿ, ಮೂರು ಚಮಚದ ಮಿತಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಜೋಳದ ಹೊಲದಲ್ಲಿ ಸಾಲು ಹಾಕಿ ಬೆಳೆಯುತ್ತಿದ್ದ ಕುಸುಬಿ ಈಗ ಕಡಿಮೆಯಾಗಿದೆ. ಕುಸುಬಿ ಎಣ್ಣೆ ಹೃದಯಕ್ಕೆ ಹಗುರ, ಆದರೆ ಅದರಲ್ಲಿ ಒಮೆಗಾ-6 ಬಹಳ, ಒಮೆಗಾ-3 ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ಅದೊಂದನ್ನೇ ವರ್ಷಪೂರ್ತಿ ಬಳಸದೆ ಶೇಂಗಾ ಜೊತೆ ಅದಲು ಬದಲು ಮಾಡಿ.

ಒಮೆಗಾ-3ಕ್ಕೆ ನಮ್ಮಲ್ಲಿರುವ ದೊಡ್ಡ ಆಸ್ತಿ ಅಗಸಿ. ಅಗಸಿ ಬೀಜದಲ್ಲಿ ಶೇ. 40ಕ್ಕೂ ಮಿಕ್ಕಿ ಎಣ್ಣೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3. ಅಮ್ಮಿಜಾನ್ ಮಾಡುವ ಅಗಸಿ ಚಟ್ನಿಪುಡಿ ಒಂದು ಚಮಚ, ಮೊಸರಿನಲ್ಲಿ ಕಲಸಿ, ಮೆತ್ತನೆಯ ರೊಟ್ಟಿ ಅಥವಾ ಬೇಳೆಯ ಜೊತೆ. ಮೂರು ನಿಯಮ ಮಾತ್ರ ಮರೆಯಬೇಡಿ. ಇಡೀ ಬೀಜ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ, ಪುಡಿಯೇ ಆಗಬೇಕು. ಪುಡಿ ಬೇಗ ಕಮಟುತ್ತದೆ, ಹತ್ತು ಹದಿನೈದು ದಿನಕ್ಕಾಗುವಷ್ಟೇ ಕುಟ್ಟಿಡಿ. ಮೂರು ತಿಂಗಳು ತುಂಬುವ ಮೊದಲು ಬೇಡ, ಅದರ ನಾರು ಉಬ್ಬಿ ಸಣ್ಣ ಹೊಟ್ಟೆಗೆ ಭಾರ. ಖಾರವೂ ಕಡಿಮೆ ಇರಲಿ. ಬ್ಯಾಡಗಿ ನಮ್ಮ ಪಕ್ಕದ್ದೇ ಆದರೂ ಹೊಸ ಜಠರಕ್ಕೆ ಅದರ ನೆಂಟಸ್ತನ ನಿಧಾನವಾಗಿ ಆಗಬೇಕು. ಗುರೆಳ್ಳು ಚಟ್ನಿಗೂ ಇದೇ ಮಾತು.

ಕರಾವಳಿಯಿಂದ ಬರುವ ಬಂಗಡೆ, ತಾರ್ಲೆ ಮೀನಿನಲ್ಲಿರುವ ಒಮೆಗಾ-3 ಅಗಸಿಯದಕ್ಕಿಂತ ಮೈಗೆ ಬೇಗ ದಕ್ಕುತ್ತದೆ. ವಾರಕ್ಕೆ ಎರಡು ಸಲ, ಹುರಿಯದೆ, ಸಾರಿನಲ್ಲಿ. ಮುಳ್ಳು ಬಿಡಿಸಿ, ಚೆನ್ನಾಗಿ ಅಗಿದು. ಸಾಲ್ಮನ್‌ಗೆ ಅಳಬೇಕಾಗಿಲ್ಲ.

ಶೇಂಗಾ ಬೀಜ, ಬಾದಾಮಿ, ಅಕ್ರೋಟು ಒಳ್ಳೆಯವೇ, ಆದರೆ ಎಣಿಸಿ ತಿನ್ನುವಂಥವು. 100 ಗ್ರಾಂ ಶೇಂಗಾದಲ್ಲಿ 560ಕ್ಕೂ ಹೆಚ್ಚು ಕ್ಯಾಲೊರಿ. ಒಂದು ಮುಷ್ಟಿ, ಅಂದರೆ 30 ಗ್ರಾಂ ತಿಂದರೆ 170. ಮೇಲಿನ ಲೆಕ್ಕದ 900ರಲ್ಲಿ ಇದು ಎಷ್ಟಾಯಿತು ನೋಡಿ. ನಾಲ್ಕೈದು ಬಾದಾಮಿ ನೆನೆಸಿ ಸಿಪ್ಪೆ ತೆಗೆದು, ಅಥವಾ ಎರಡು ಅಕ್ರೋಟಿನ ಹೋಳು. ತಿಂದ ದಿನ ಒಂದು ಚಮಚ ಎಣ್ಣೆ ಕಡಿಮೆ ಮಾಡಿ. ಟಿ.ವಿ. ಮುಂದೆ ಕೂತು ಶೇಂಗಾ ಸುಲಿಯುವುದು ಬೇಡವೇ ಬೇಡ.

ತುಪ್ಪದ ಬಗ್ಗೆ ಜಗಳ ಹೆಚ್ಚು. ಅದರಲ್ಲಿ ಶೇ. 60ಕ್ಕೂ ಹೆಚ್ಚು ಗಟ್ಟಿ ಕೊಬ್ಬು, ಹಾಗೆಂದು ಅದು ವಿಷವಲ್ಲ. ಮೂರು ಚಮಚದಲ್ಲಿ ಅರ್ಧ ಚಮಚ ತುಪ್ಪ ಇರಲಿ, ಮನಸ್ಸಿಗೂ ಸಮಾಧಾನ. ನಾನು ಖಂಡಿತವಾಗಿ ಬೇಡ ಎನ್ನುವುದು ಡಾಲ್ಡಾ, ಅದರಿಂದ ಮಾಡಿದ ಬೇಕರಿಯ ಖಾರಿ, ಪಫ್, ಕ್ರೀಮ್ ಬನ್. ವನಸ್ಪತಿಯಲ್ಲಿನ ಟ್ರಾನ್ಸ್ ಕೊಬ್ಬನ್ನು 2022ರ ಜನವರಿಯಿಂದ ಶೇ. 2ಕ್ಕೆ ಮಿತಗೊಳಿಸುವ ನಿಯಮ ಬಂದಿರುವುದು ನಿಜ, ಆದರೂ ಅದರ ಗಟ್ಟಿ ಕೊಬ್ಬು ಎಲ್ಲಿ ಹೋಗುತ್ತದೆ? ಬಜ್ಜಿ ಅಂಗಡಿಯ ಕಪ್ಪಾದ ಎಣ್ಣೆಯ ವಿಷಯ ಹೇಳಲೇಬೇಕಾಗಿಲ್ಲ.

ಇನ್ನೊಂದು ಮೋಸಗಾರ ತಿಂಡಿ ನಮ್ಮ ಸವಣೂರಿನ ಹೆಮ್ಮೆಯೇ ಆದ ಖಾರಾ. ಬೈದರೆ ಊರವರು ನನ್ನನ್ನು ಬಿಡುವುದಿಲ್ಲ. ಆದರೆ ಕೇಳಿ. ಕೋಳಿಯ ತುಂಡು ಮೂರು ತಿಂದರೆ ಸಣ್ಣ ಜಠರ ತುಂಬಿ 'ಸಾಕು' ಎನ್ನುತ್ತದೆ. ಖಾರಾ, ಚೂಡಾ, ಬಿಸ್ಕತ್ತು ಬಾಯಲ್ಲೇ ಕರಗಿ ಚಹದ ಜೊತೆ ಜಾರಿ ಹೋಗುತ್ತವೆ, ಜಠರಕ್ಕೆ ಸುಳಿವೇ ಸಿಗುವುದಿಲ್ಲ. ಅರ್ಧ ತಾಸಿನಲ್ಲಿ ಪೊಟ್ಟಣ ಖಾಲಿ. ಒಂದೂವರೆ ಎರಡು ವರ್ಷದ ನಂತರ ತೂಕ ಮತ್ತೆ ಏರಿ ಬರುವವರನ್ನು ಕೇಳಿದರೆ ಬಿರಿಯಾನಿಗಿಂತ ಹೆಚ್ಚಾಗಿ ಇಂಥ ಜಾರುವ ತಿಂಡಿಯೇ ಸಿಕ್ಕಿಬೀಳುತ್ತದೆ.

ದಾವತ್ ಮತ್ತು ರಮಝಾನ್

ಬಿರಿಯಾನಿಯ ಬಗ್ಗೆ ಕೇಳುವವರಿಗೆ: ಮೇಲಿನ ಪದರದಿಂದ ಬಡಿಸಿಕೊಳ್ಳಿ, ತುಪ್ಪವೆಲ್ಲ ತಳದಲ್ಲಿರುತ್ತದೆ. ಮೊದಲು ಮಾಂಸದ ಎರಡು ತುಂಡು, ಆಮೇಲೆ ಜಾಗ ಉಳಿದರೆ ನಾಲ್ಕು ಚಮಚ ಅನ್ನ. ವಲೀಮಾದಲ್ಲಿ 'ಇನ್ನೊಂದು ತುತ್ತು' ಎಂದು ಒತ್ತಾಯಿಸುವ ಖಾಲಾಮ್ಮಂದಿರಲ್ಲಿ ನನ್ನ ಕೋರಿಕೆ, ದಯವಿಟ್ಟು ಬೇಡ. ಹೊಟ್ಟೆ ತುಂಬಿದ ಮೇಲಿನ ಆ ಒಂದು ತುತ್ತು ಅವರಿಗೆ ಎದೆನೋವು, ವಾಂತಿ ತರುತ್ತದೆ. ಸಿಹಿ ಮತ್ತು ಜಿಡ್ಡು ಸೇರಿದ ಶೀರ್ ಖುರ್ಮಾ, ಹಲ್ವಾ ಇನ್ನೂ ಅಪಾಯ. ವಿಶೇಷವಾಗಿ ಬೈಪಾಸ್ ಆದವರಲ್ಲಿ ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದು, ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಆಗುತ್ತದೆ. ದಂಪಿಂಗ್ ಎನ್ನುವುದು ಇದಕ್ಕೇ.

ಉಪವಾಸದ ಬಗ್ಗೆ ಪ್ರತಿ ವರ್ಷ ಪ್ರಶ್ನೆ ಬರುತ್ತದೆ. ಹೊಸ ಜಠರ ಒಂದೇ ಸಲ ಒಂದು ಲೋಟ ನೀರನ್ನೂ ಹಿಡಿಯಲಾರದು. ದಿನಕ್ಕೆ ಬೇಕಾದ ಒಂದೂವರೆ ಲೀಟರ್ ನೀರು, ಸಾರಜನಕ, ಗುಳಿಗೆ ಎಲ್ಲವನ್ನೂ ಇಫ್ತಾರ್‌ನಿಂದ ಸಹರಿಯೊಳಗೆ ಗುಟುಕು ಗುಟುಕಾಗಿ ಸೇರಿಸುವುದು ಮೊದಲ ತಿಂಗಳುಗಳಲ್ಲಿ ಅಸಾಧ್ಯ. ಮೊದಲ ವರ್ಷದಲ್ಲಿ ಶಸ್ತ್ರಚಿಕಿತ್ಸಕರ ಸ್ಪಷ್ಟ ಒಪ್ಪಿಗೆ ಇಲ್ಲದೆ ಉಪವಾಸ ಹಿಡಿಯಬೇಡಿ. ರೋಗಿಗೆ ರಿಯಾಯಿತಿ ಸೂರಃ ಅಲ್-ಬಕರಃದಲ್ಲಿಯೇ ಇದೆ. ಕಝಾ, ಫಿದ್ಯಾದ ವಿವರವನ್ನು ಊರಿನ ಆಲಿಮರಲ್ಲಿ ಕೇಳಿ. ಮುಂದಿನ ವರ್ಷಗಳಲ್ಲಿ ಉಪವಾಸ ಹಿಡಿಯುವವರು ಅರ್ಧ ಖರ್ಜೂರ ಮತ್ತು ನೀರಿನಿಂದ ಬಿಡಲಿ, ಸಮೋಸಾದಿಂದಲ್ಲ. ಮಗ್ರಿಬ್ ನಮಾಝಿನ ನಂತರ ತತ್ತಿ ಅಥವಾ ಖೀಮಾ, ಇಶಾ ನಂತರ ಇನ್ನೊಂದು ಸಣ್ಣ ಊಟ.

ಮೀನೆಣ್ಣೆ, ಡಿ ಸತ್ವದ ಕ್ಯಾಪ್ಸೂಲಿನ ಹೊದಿಕೆ ಬಹುತೇಕ ಜಿಲೆಟಿನ್. ಅದರ ಮೂಲದ ಬಗ್ಗೆ ಅನುಮಾನವಿದ್ದರೆ ಔಷಧವನ್ನೇ ಬಿಟ್ಟುಬಿಡಬೇಡಿ. ಹನಿ, ಪುಡಿ, ಗುಳಿಗೆಯ ರೂಪದಲ್ಲಿ ಅಥವಾ ಸಸ್ಯಮೂಲದ ಹೊದಿಕೆಯಲ್ಲಿ ಕೊಡಿ ಎಂದು ವೈದ್ಯರಲ್ಲಿ ಕೇಳಿ.

ಯುನಾನಿ ಔಷಧದ ಮಾತು

ಯುನಾನಿಯಲ್ಲಿ ಅತಿಬೊಜ್ಜಿಗೆ ಸಮನ್-ಎ-ಮುಫ್ರಿತ್ ಎನ್ನುತ್ತೇವೆ. ಹಳೆಯ ಹಕೀಮರು ಇದನ್ನು ಗಂಭೀರ ರೋಗವೆಂದೇ ಎಣಿಸಿದ್ದರು. ಹತ್ತನೆಯ ಶತಮಾನದಲ್ಲಿ ಸ್ಪೇನಿನ ಲಿಯೋನ್ ರಾಜ್ಯದ ದೊರೆ ಸಾಂಚೊ ಕುದುರೆ ಏರಲಾಗದಷ್ಟು ದಪ್ಪನಾಗಿ ಸಿಂಹಾಸನವನ್ನೇ ಕಳೆದುಕೊಂಡಾಗ, ಅಜ್ಜಿ ತೋದಾ ಅವನನ್ನು ಮುಸ್ಲಿಮರ ಕುರ್ತುಬಾ ನಗರಕ್ಕೆ ಕರೆತಂದಳು. ಖಲೀಫ ಮೂರನೆಯ ಅಬ್ದುರ್ರಹ್ಮಾನರ ಆಸ್ಥಾನದ ಯಹೂದಿ ವೈದ್ಯ ಹಸ್ದಾಯ್ ಇಬ್ನ್ ಶಪ್ರೂತ್ ಚಿಕಿತ್ಸೆ ಮಾಡಿ ಅವನನ್ನು ಇಳಿಸಿದರು, ರಾಜ್ಯವೂ ಮರಳಿ ಸಿಕ್ಕಿತು.

ಆದರೆ ಆ ಕಾಲದ ಔಷಧಗಳು ಇಡೀ ಜಠರ ಇದ್ದವರಿಗಾಗಿ ಯೋಚಿಸಿದವು ಎಂಬುದನ್ನು ನನ್ನ ವೃತ್ತಿಬಾಂಧವರೂ ನೆನಪಿಡಬೇಕು. ಶಸ್ತ್ರಚಿಕಿತ್ಸೆಯಿಂದ ತೂಕ ಇಳಿಯುತ್ತಿರುವವರು ಇನ್ನೂ ಬೇಗ ಇಳಿಯಲೆಂದು ಸಫೂಫ್-ಎ-ಮುಹಝ್ಝಿಲ್ ತೆಗೆದುಕೊಳ್ಳಬಾರದು. ಬೇಗ ಇಳಿಯುವುದೇ ಹರಳಿಗೆ ಕಾರಣ ಎಂದು ಮೇಲೆ ನೋಡಿದೆವು. ಮಾಜೂನ್, ಖಮೀರಾಗಳು ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ಆಗುವಂಥವು, ದಂಪಿಂಗ್‌ಗೆ ದಾರಿ. ಮಲಬದ್ಧತೆಗೆ ಇಸಬ್ಗೋಲ್ ನುಂಗಿ ನೀರು ಸಾಕಷ್ಟು ಕುಡಿಯದಿದ್ದರೆ ಕಿರಿದಾದ ದಾರಿಯಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ಹೊಲಿಗೆಯ ಜಾಗ ಪೂರ್ತಿ ಮಾಯದವರಿಗೆ ಸಿರ್ಕಾ ಬೇಡ. ರೋಗನ್ ಬಾದಾಮ್ ಅರ್ಧ ಚಮಚ ಬೆಚ್ಚಗಿನ ಹಾಲಿನಲ್ಲಿ, ಎರಡು ತಿಂಗಳ ನಂತರ, ಮೂರು ಚಮಚದ ಲೆಕ್ಕದೊಳಗೇ, ನಾನು ಒಪ್ಪುತ್ತೇನೆ. ನೀವು ತೆಗೆದುಕೊಳ್ಳುವ ಯಾವುದೇ ಯುನಾನಿ, ಆಯುರ್ವೇದ ಔಷಧದ ಹೆಸರನ್ನು ಶಸ್ತ್ರಚಿಕಿತ್ಸಕರಿಗೂ ಹೇಳಿ.

ಬಲಪಕ್ಕೆಯ ಕೆಳಗೆ ಊಟದ ನಂತರ ಏಳುವ ನೋವು, ಕಣ್ಣು ಹಳದಿಯಾಗುವುದು, ಜ್ವರ, ಬಿಡದ ವಾಂತಿ, ನೀರೂ ಇಳಿಯದಿರುವುದು ಇದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ತೇಲುವ ಜಿಡ್ಡಿನ ಮಲ ವಾರಕ್ಕಿಂತ ಹೆಚ್ಚು ಮುಂದುವರಿದರೆ, ಕಣ್ಣು ಮಂಜಾದರೆ, ಆ ವಾರದಲ್ಲೇ ತೋರಿಸಿ. ಯಾವ ತೊಂದರೆಯೂ ಇಲ್ಲದವರು ಮೊದಲ ವರ್ಷ ಮೂರು ತಿಂಗಳು, ಆರು ತಿಂಗಳು, ಹನ್ನೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ, ಜೀವನಪೂರ್ತಿ: ಹಿಮೋಗ್ಲೋಬಿನ್, ಕಬ್ಬಿಣ, ಬಿ12, ಡಿ, ಕ್ಯಾಲ್ಸಿಯಂ, ಬೈಪಾಸ್ ಆದವರಿಗೆ ಎ ಸತ್ವ ಕೂಡ. ಎಲ್ಲವೂ ತಾಲೂಕಿನ ಲ್ಯಾಬಿನಲ್ಲಿ ಆಗದಿದ್ದರೆ ರಕ್ತ ಕೊಟ್ಟು ಹೊರಗೆ ಕಳುಹಿಸಲು ಹೇಳಿ. ಪರೀಕ್ಷೆಗೆ ಹೋಗುವಾಗ ಡಿಸ್ಚಾರ್ಜ್ ಕಾರ್ಡ್ ಮತ್ತು ಹಿಂದಿನ ಸಲದ ಚೀಟಿ ಜೊತೆಯಲ್ಲಿರಲಿ.